ಮೊದಲು ಗಾಳಿ, ಆಮೇಲೆ ಬೆಳಕು



ಬಿಡಿಭಾಗಗಳನ್ನು ಕೊಂಡು ತಮ್ಮ ಕಂಪ್ಯೂಟರನ್ನು ತಾವೇ ಜೋಡಿಸಿಕೊಳ್ಳುವ ಹವ್ಯಾಸ ನಿಮ್ಮಲ್ಲಿ ಕೆಲವರಿಗಾದರೂ ಇರಬಹುದು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಿಗೆ ಹೋದರೆ, ಗಾಜಿನ ಪೆಟ್ಟಿಗೆಗಳೊಳಗೆ ಕೆಂಪು, ಹಸಿರು, ನೀಲಿ ಬಣ್ಣಗಳಲ್ಲಿ ಬೆಳಗುತ್ತ ತಿರುಗುವ ಪುಟ್ಟ ಫ್ಯಾನುಗಳು ಕಣ್ಣಿಗೆ ಬೀಳುತ್ತವೆ. ಬೆಳಕಿಲ್ಲದ ಕಪ್ಪು ಫ್ಯಾನುಗಳೂ ಪಕ್ಕದಲ್ಲೇ ಇರುತ್ತವೆ. ಮನೆಯಲ್ಲಿ ಕೊಟ್ಟ ಹಣ ಮಿತವಾದದ್ದು. ಯಾವುದನ್ನು ಕೊಳ್ಳಬೇಕು? ಗಾಳಿ ಮತ್ತು ಬೆಳಕು ಕಂಪ್ಯೂಟರಿನೊಳಗೆ ಹೇಗೆ ಬಂದವು ಎಂಬ ಚರಿತ್ರೆಯನ್ನು ತಿಳಿದರೆ ಈ ಪ್ರಶ್ನೆಗೆ ಉತ್ತರ ಹುಡುಕುವುದು ಸುಲಭ.

1946ರ ಫೆಬ್ರವರಿ ತಿಂಗಳಿಗೆ ಹೋಗೋಣ. ಅಮೆರಿಕದ ಫಿಲಡೆಲ್ಫಿಯಾ ನಗರದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ‘ಎನಿಯಾಕ್’ ಎಂಬ ಕಂಪ್ಯೂಟರನ್ನು ಜಗತ್ತಿಗೆ ಪರಿಚಯಿಸಲಾಯಿತು. ಸುಮಾರು 18,000 ನಿರ್ವಾತ ಕೊಳವೆಗಳಿದ್ದ, ಸುಮಾರು 30 ಟನ್ ತೂಕದ ಯಂತ್ರವದು. ಅದು ಸುಮಾರು 150 ಕಿಲೋವ್ಯಾಟ್ ವಿದ್ಯುತ್ತನ್ನು ಬಳಸುತ್ತಿತ್ತು. ಇಷ್ಟು ವಿದ್ಯುತ್ತು ಕೊನೆಗೆ ಏನಾಗುತ್ತದೆ? ನೀವು ಭೌತಶಾಸ್ತ್ರದಲ್ಲಿ ಓದಿರುವಂತೆ ಶಕ್ತಿಗೆ ನಾಶವಿಲ್ಲ. ಕಂಪ್ಯೂಟರು ಬಳಸುವ ವಿದ್ಯುತ್ತು ಹೆಚ್ಚುಕಡಿಮೆ ಪೂರ್ತಿಯಾಗಿ ಶಾಖವಾಗುತ್ತದೆ. ಆದ್ದರಿಂದ ಎನಿಯಾಕ್‌ನ ನಿರ್ಮಾಪಕರು ಗಾಳಿಯೂದುವ ಸಾಧನಗಳನ್ನು ಅದರಲ್ಲೇ ಅಳವಡಿಸಿದ್ದರು. ಕಂಪ್ಯೂಟರಿಗೂ ಫ್ಯಾನಿಗೂ ಇರುವ ನಂಟು ಅಷ್ಟು ಹಳೆಯದು.

ಬೆಳಕಿನ ಅಲಂಕಾರವೂ ಅಷ್ಟೇ ಹಳೆಯದೆಂದರೆ ನಿಮಗೆ ಆಶ್ಚರ್ಯವಾಗಬಹುದು. ಯಂತ್ರದೊಳಗಿನ ಅಂಕಿಗಳನ್ನು ತೋರಿಸುವ ಸಣ್ಣ ನಿಯಾನ್ ದೀಪಗಳು ದೂರದಿಂದ ಕಾಣುತ್ತಿರಲಿಲ್ಲ. ಪ್ರದರ್ಶನಕ್ಕಾಗಿ ಪಿಂಗ್‌ಪಾಂಗ್ ಚೆಂಡುಗಳನ್ನು ಅರ್ಧಕ್ಕೆ ಕತ್ತರಿಸಿ ಆ ದೀಪಗಳ ಮೇಲೆ ಕೂರಿಸಿದರು. ಬಂದವರು ಮಿನುಗುವ ದೀಪಗಳನ್ನು ಕಂಡು ಬೆರಗಾದರು. ಅಂದು ಫಿರಂಗಿ ಗುಂಡಿನ ಪಥವನ್ನು ಲೆಕ್ಕ ಹಾಕಿ ತೋರಿಸಿದ ಪ್ರೋಗ್ರಾಮನ್ನು ಸಿದ್ಧಪಡಿಸಿದವರು ಜೀನ್ ಜೆನ್ನಿಂಗ್ಸ್ ಮತ್ತು ಬೆಟ್ಟಿ ಸ್ನೈಡರ್ ಎಂಬ ಇಬ್ಬರು ತರುಣಿಯರು. ಆ ರಾತ್ರಿಯ ಸಂಭ್ರಮದ ಔತಣಕ್ಕೆ ಅವರಿಗೆ ಕರೆಯಿರಲಿಲ್ಲ. ದೀಪ ಎಲ್ಲರಿಗೂ ಕಂಡಿತು, ದುಡಿದವರು ಕಾಣಲಿಲ್ಲ. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ.

ಮುಂದೆ ಟ್ರಾನ್ಸಿಸ್ಟರುಗಳೂ ಚಿಪ್‌ಗಳೂ ಬಂದು ಯಂತ್ರ ಮೇಜಿನ ಮೇಲೆ ಕೂರುವಷ್ಟು ಚಿಕ್ಕದಾಯಿತು. 1981ರಲ್ಲಿ ಬಂದ ಐ.ಬಿ.ಎಂ. ಪರ್ಸನಲ್ ಕಂಪ್ಯೂಟರಿನ ಮುಖ್ಯ ಚಿಪ್ಪಿಗೆ ಪ್ರತ್ಯೇಕ ಫ್ಯಾನು ಇರಲಿಲ್ಲ. ವಿದ್ಯುತ್ ಪೂರೈಸುವ ಡಬ್ಬಿಯಲ್ಲಿದ್ದ ಒಂದೇ ಫ್ಯಾನು ಇಡೀ ಪೆಟ್ಟಿಗೆಗೆ ಸಾಕಾಗುತ್ತಿತ್ತು. 1993ರಲ್ಲಿ ಬಂದ ಮೊದಲ ಪೆಂಟಿಯಂ ಚಿಪ್ಪುಗಳ ಶಾಖ ಸುಮಾರು 15 ವ್ಯಾಟ್. ಚಿಪ್ಪಿನ ಮೇಲೆ ಲೋಹದ ರೆಕ್ಕೆಗಳನ್ನೂ ಫ್ಯಾನನ್ನೂ ಕೂರಿಸುವುದು ಆಗ ರೂಢಿಗೆ ಬಂತು. 2004ರ ಹೊತ್ತಿಗೆ ಕೆಲವು ಪೆಂಟಿಯಂ 4 ಚಿಪ್ಪುಗಳ ಶಾಖ 100 ವ್ಯಾಟ್ ದಾಟಿತು. ಹೆಬ್ಬೆರಳಿನ ಉಗುರಿನಷ್ಟು ಸಿಲಿಕಾನ್ ತುಂಡಿನಿಂದ ಹಳೆಯ ಕಾಲದ ದೊಡ್ಡ ಬಲ್ಬಿನಷ್ಟು ಬಿಸಿ! ಆಗ ಪೆಟ್ಟಿಗೆಯ ಹಿಂದೆ ಮುಂದೆಯೂ ಫ್ಯಾನುಗಳು ಬೇಕಾದವು.

ಇನ್ನು ಬಣ್ಣದ ಬೆಳಕಿನ ಕಥೆ. ಕಣ್ಣಿಗೆ ಕಾಣುವ ಕೆಂಪು ಎಲ್.ಇ.ಡಿ.ಯನ್ನು 1962ರಲ್ಲಿ ನಿಕ್ ಹೋಲೋನ್ಯಾಕ್ ಮಾಡಿ ತೋರಿಸಿದರು. ಪ್ರಖರವಾದ ನೀಲಿ ಮಾತ್ರ ಮೂರು ದಶಕಗಳ ಕಾಲ ಕೈಗೆ ಸಿಗಲಿಲ್ಲ. 1993ರಲ್ಲಿ ಜಪಾನಿನ ನಿಚಿಯಾ ಸಂಸ್ಥೆಯ ಶುಜಿ ನಾಕಾಮುರಾ ಅದನ್ನು ಸಾಧಿಸಿದರು. ಅವರಿಗೂ, ಇದೇ ದಾರಿಯಲ್ಲಿ ದುಡಿದ ಇಸಾಮು ಅಕಾಸಾಕಿ ಮತ್ತು ಹಿರೋಶಿ ಅಮಾನೋ ಅವರಿಗೂ 2014ರ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು. ಕೆಂಪು, ಹಸಿರು, ನೀಲಿ ಮೂರೂ ಸೇರಿದಾಗಲಷ್ಟೇ ಬೇಕಾದ ಬಣ್ಣ ಮೂಡುತ್ತದೆ. 1990ರ ದಶಕದ ಕೊನೆಯಲ್ಲಿ ಹವ್ಯಾಸಿಗಳು ತಗಡಿನ ಪೆಟ್ಟಿಗೆಗೆ ಕಿಟಕಿ ಕೊರೆದು ಒಳಗೆ ದೀಪದ ಕೊಳವೆ ಇಡುತ್ತಿದ್ದರು. ಆಮೇಲೆ ಎಲ್.ಇ.ಡಿ.ಗಳು ಫ್ಯಾನಿನ ಚೌಕಟ್ಟಿನೊಳಗೇ ಸೇರಿಕೊಂಡವು.

ಹಾಗಾದರೆ ಆಯ್ಕೆ ಹೇಗೆ? ಮೊದಲು ದೀಪವನ್ನು ಮರೆತು ಗಾಳಿಯನ್ನು ಕೇಳಿ. 140 ಮಿಲಿಮೀಟರಿನ ಫ್ಯಾನು 120 ಮಿಲಿಮೀಟರಿನದಕ್ಕಿಂತ ನಿಧಾನವಾಗಿ ತಿರುಗಿಯೂ ಅಷ್ಟೇ ಗಾಳಿಯನ್ನು ಸಾಗಿಸಬಲ್ಲದು. ಆದ್ದರಿಂದ ಸದ್ದು ಸಾಮಾನ್ಯವಾಗಿ ಕಡಿಮೆ. ನಿಮ್ಮ ಪೆಟ್ಟಿಗೆಯಲ್ಲಿ ಅದಕ್ಕೆ ಜಾಗವಿದೆಯೇ ನೋಡಿ. ಗಾಳಿ ಸರಾಗವಾಗಿ ಹರಿಯುವ ಜಾಗಕ್ಕೆ ಹೆಚ್ಚು ಗಾಳಿ ದೂಡುವ ಫ್ಯಾನು ಸರಿ. ದೂಳಿನ ಜಾಲರಿ ಅಥವಾ ಒತ್ತಾದ ಲೋಹದ ರೆಕ್ಕೆಗಳ ಮೂಲಕ ಗಾಳಿ ನುಗ್ಗಬೇಕಾದರೆ ಹೆಚ್ಚು ಒತ್ತಡ ಕೊಡುವ ಫ್ಯಾನು ಬೇಕು. ಈ ಎರಡು ಅಂಕಿಗಳನ್ನೂ ತಯಾರಕರು ಸಾಮಾನ್ಯವಾಗಿ ಮುದ್ರಿಸಿರುತ್ತಾರೆ.

ಪೆಟ್ಟಿಗೆಯ ಮುಂಭಾಗ ಪೂರ್ತಿ ಗಾಜಾಗಿದ್ದು, ಪಕ್ಕದಲ್ಲಿ ಸಾಕಷ್ಟು ಸಂದಿಯೂ ಇಲ್ಲದಿದ್ದರೆ, ಹಿಂದೆ ಮೂರು ಫ್ಯಾನುಗಳು ಎಷ್ಟು ಚೆನ್ನಾಗಿ ಬೆಳಗಿದರೂ ಪ್ರಯೋಜನ ಕಡಿಮೆ. ಎಳೆದುಕೊಳ್ಳಲು ಗಾಳಿಯೇ ಇರುವುದಿಲ್ಲ. ಒಳಬರುವ ಗಾಳಿ ಹೊರಹೋಗುವುದಕ್ಕಿಂತ ತುಸು ಹೆಚ್ಚಾಗಿರಲಿ. ಆಗ ದೂಳು ಸಂದುಗೊಂದುಗಳಿಂದ ನುಸುಳುವುದಿಲ್ಲ, ಜಾಲರಿಯಲ್ಲೇ ನಿಲ್ಲುತ್ತದೆ. ಇನ್ನೊಂದು ಮಾತು: ಫ್ಯಾನು ಕೋಣೆಯ ಗಾಳಿಯನ್ನೇ ಒಳಗೆ ತರುತ್ತದೆ. 40 ಡಿಗ್ರಿ ದಾಟುವ ರಾಯಚೂರಿನ ಬೇಸಿಗೆಯಲ್ಲಿ ಯಾವ ಫ್ಯಾನೂ ಒಳಗಿನ ಚಿಪ್ಪನ್ನು ಅದಕ್ಕಿಂತ ತಣ್ಣಗಿಡಲಾರದು. ಅಂಥ ಊರಿನಲ್ಲಿ ಗಾಳಿಯ ಹರಿವಿಗೆ ಕೊಡುವ ಹಣ ವ್ಯರ್ಥವಲ್ಲ.

ಬೆಳಕಿನ ಫ್ಯಾನನ್ನೇ ಕೊಳ್ಳುವುದಾದರೆ ತಂತಿಗಳನ್ನು ಗಮನಿಸಿ. ಸಾಮಾನ್ಯವಾಗಿ ತಿರುಗಲು ಒಂದು ತಂತಿ, ಬೆಳಗಲು ಇನ್ನೊಂದು. ಎಲ್ಲ ದೀಪಗಳೂ ಒಂದೇ ಬಣ್ಣ ತೋರುವ ಬಗೆಗೆ 12 ವೋಲ್ಟ್, ನಾಲ್ಕು ಕಡ್ಡಿಗಳ ಜೋಡಣೆ. ಪ್ರತಿ ದೀಪವೂ ಬೇರೆ ಬೇರೆ ಬಣ್ಣ ತೋರುವ ಬಗೆಗೆ 5 ವೋಲ್ಟ್, ಮೂರು ಕಡ್ಡಿಗಳ ಜೋಡಣೆ. 5 ವೋಲ್ಟಿನದನ್ನು 12 ವೋಲ್ಟಿಗೆ ಬಲವಂತವಾಗಿ ತುರುಕಿದರೆ ದೀಪಗಳು ಸುಟ್ಟುಹೋಗುತ್ತವೆ. ನಿಮ್ಮ ಮದರ್‌ಬೋರ್ಡಿನಲ್ಲಿ ಯಾವ ಜೋಡಣೆಯಿದೆ ಎಂದು ಮನೆಯಲ್ಲೇ ನೋಡಿಕೊಂಡು ಅಂಗಡಿಗೆ ಹೋಗಿ.

ಬಣ್ಣದ ಬೆಳಕನ್ನು ಇಷ್ಟಪಡುವುದು ತಪ್ಪಲ್ಲ. ತಾನೇ ಜೋಡಿಸಿದ ಯಂತ್ರ ಚೆಂದ ಕಾಣಲಿ ಎಂಬ ಆಸೆ ಸಹಜವಾದದ್ದು. ಎನಿಯಾಕ್‌ನ ಎಂಜಿನಿಯರುಗಳಿಗೂ ಅದು ಇತ್ತು. ಆದರೆ ಅಂಗಡಿಯಲ್ಲಿ ಫ್ಯಾನನ್ನು ಕೈಗೆತ್ತಿಕೊಂಡಾಗ ಒಮ್ಮೆ ಹೀಗೆ ಕೇಳಿಕೊಳ್ಳಿ: ಇದರ ದೀಪ ಆರಿದರೂ ನಾನು ಇದನ್ನು ಕೊಳ್ಳುತ್ತಿದ್ದೆನೇ? ಹೌದೆಂದಾದರೆ ಧೈರ್ಯವಾಗಿ ಕೊಳ್ಳಿ. ಆಮೇಲೆ ಯಾವ ಬಣ್ಣವಾದರೂ ಆದೀತು.