ಬೈಕುಲ್ಲಾದಲ್ಲಿ ಅಚ್ಚಾದ ಲಾವಣಿಗಳು

ಲಾವಣಿ ಎಂದೊಡನೆ ಮುಂಬಯಿವಾಸಿಗಳಾದ ನಮಗೆ ನೆನಪಾಗುವುದು ಢೋಲಕಿಯ ಸದ್ದು, ನೌವಾರಿ ಸೀರೆ, ಗೆಜ್ಜೆಯ ಕುಣಿತ. ಅದೇ ಹೆಸರಿನ ಹಾಡುಗಬ್ಬವೊಂದು ಬೆಳಗಾವಿ, ಧಾರವಾಡ, ವಿಜಯಪುರ ಸೀಮೆಯಲ್ಲಿ ಡಪ್ಪು ತುಂತುಣಿಗಳ ಜೊತೆಗೆ ಕನ್ನಡದಲ್ಲಿಯೂ ಬೆಳೆಯಿತೆಂಬುದು ಇಲ್ಲಿನ ಕನ್ನಡಿಗರಲ್ಲೇ ಅನೇಕರಿಗೆ ಹೊಸ ಸಂಗತಿ. ನಮ್ಮಲ್ಲಿ ಕರಾವಳಿಯವರು ಹೆಚ್ಚು. ಯಕ್ಷಗಾನದ ಚೆಂಡೆಯೇ ನಮ್ಮ ಕಿವಿಗೆ ಹತ್ತಿರ. ಆದರೆ ಆ ಕನ್ನಡ ಲಾವಣಿಗಳಲ್ಲಿ ಕೆಲವು ವಿದ್ವಾಂಸರ ಜಗತ್ತನ್ನು ತಲುಪಿದ್ದು ಇದೇ ಊರಿನ ಮೂಲಕ.

ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡಗಳು 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದವು. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿನ ಶಾಲೆ ಕಚೇರಿಗಳಲ್ಲಿ ಬಹುಕಾಲ ಮರಾಠಿಯದೇ ಮೇಲುಗೈ. ಡೆಪ್ಯುಟಿ ಚನ್ನಬಸಪ್ಪನವರಂಥವರು ಕನ್ನಡ ಶಾಲೆಗಳಿಗಾಗಿ ಹೆಣಗಿದ ಕಾಲವದು. ಓದುಬರಹದ ಕನ್ನಡಕ್ಕೇ ಆ ಸ್ಥಿತಿಯಿದ್ದಾಗ ಜಾತ್ರೆಯ ಹಾಡಿಗೆ ಬೆಲೆ ಕಟ್ಟುವವರಾದರೂ ಯಾರು?

ಕಟ್ಟಿದವನು ಮುಂಬಯಿ ಸಿವಿಲ್ ಸರ್ವಿಸ್‌ನ ಒಬ್ಬ ಅಧಿಕಾರಿ, ಜಾನ್ ಫೇತ್‌ಫುಲ್ ಫ್ಲೀಟ್. 1867ರಲ್ಲಿ ಸೇವೆಗೆ ಸೇರಿದ ಈತ ಶಾಸನತಜ್ಞನೆಂದೇ ನಮಗೆ ಪರಿಚಿತ. ಜೇಮ್ಸ್ ಬರ್ಜೆಸ್ 1872ರಲ್ಲಿ ಆರಂಭಿಸಿದ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆ ಬೈಕುಲ್ಲಾದ ಎಜುಕೇಶನ್ ಸೊಸೈಟಿ ಮುದ್ರಣಾಲಯದಲ್ಲಿ ಅಚ್ಚಾಗುತ್ತಿತ್ತು. ಚಾಲುಕ್ಯ, ಕದಂಬರ ತಾಮ್ರಪಟಗಳ ಪಾಠವನ್ನು ಪ್ರಕಟಿಸುತ್ತಿದ್ದ ಆ ಪತ್ರಿಕೆಯಲ್ಲಿಯೇ ಫ್ಲೀಟ್ 1885ರಿಂದ ಕೆಲವು ವರ್ಷಗಳ ಅವಧಿಯಲ್ಲಿ ಐದು ಕನ್ನಡ ಲಾವಣಿಗಳನ್ನು ಇಂಗ್ಲಿಷ್ ಅನುವಾದದೊಂದಿಗೆ ಪ್ರಕಟಿಸಿದ. ರಾಜರ ಶಾಸನಕ್ಕೂ ಹೆಸರಿಲ್ಲದ ಹಾಡುಗಾರನ ಪದಕ್ಕೂ ಒಂದೇ ಪುಟಗಳಲ್ಲಿ ಜಾಗ ದೊರೆತದ್ದು ಸಣ್ಣ ಮಾತಲ್ಲ.

ಆ ಹಾಡುಗಳಾದರೂ ಎಂಥವು! 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನದೊಂದು. ಆಯುಧ ಒಪ್ಪಿಸೆಂದ ಆಜ್ಞೆಯನ್ನು 1857ರಲ್ಲಿ ಧಿಕ್ಕರಿಸಿದ ಹಲಗಲಿಯ ಬೇಡರದೊಂದು. ವರಮಾನ ತೆರಿಗೆಯ ಮೇಲೊಂದು. ವರ್ಷವರ್ಷವೂ ಸಂಬಳದಿಂದ ತೆರಿಗೆ ಕಡಿಸಿಕೊಳ್ಳುವ ನಮ್ಮಂಥ ಸರಕಾರಿ ನೌಕರರಿಗೆ ಇದರ ಮೇಲೆ ವಿಶೇಷ ಮಮತೆ. ಸರಕಾರದ ಕಡತದಲ್ಲಿ ದಂಗೆಕೋರನಾದವನು ಹಾಡಿನಲ್ಲಿ ವೀರ. ಆ ಹಾಡನ್ನು ಅಚ್ಚಿಗೆ ಕೊಟ್ಟವನು ಅದೇ ಸರಕಾರದ ಅಧಿಕಾರಿ! ಫ್ಲೀಟ್‌ನನ್ನು ಜನಪದದ ಬಂಧುವೆಂದು ಕೊಂಡಾಡುವ ಅಗತ್ಯವೇನೂ ನಮಗೆ ಕಾಣುವುದಿಲ್ಲ. ಆಳುವವರಿಗೆ ಆಳಿಸಿಕೊಳ್ಳುವವರ ಮನಸ್ಸನ್ನು ಅರಿಯುವ ಗರಜೂ ಇದ್ದೀತು. ಆದರೂ ಆತ ಕೇಳಿಸಿಕೊಂಡ, ಬರೆಸಿದ.

ಉಳಿದೆರಡು ಮನೆಮಾತಿನ ಕಥೆಗಳು: ಚೆನ್ನವ್ವನ ಸೊಸೆಯದು ಮತ್ತು ಸಂಗ್ಯಾನ ಕೊಲೆಯದು. ಈ ಸಂಗ್ಯಾನ ಜಾಡು ಹಿಡಿದರೆ ಸಂಸ್ಕೃತಿ ಕೈಯಿಂದ ಕೈಗೆ ದಾಟುವ ಬಗೆ ತಿಳಿಯುತ್ತದೆ. ಇಂಗ್ಲಿಷ್ ಪತ್ರಿಕೆಯ ಪುಟ ಬೈಲಹೊಂಗಲದ ಹಾಡುಗಾರನಿಗೆ ಎಟುಕುವಂಥದ್ದಲ್ಲ. ಅವನಿಗೆ ಅದು ಬೇಕಾಗಿಯೂ ಇರಲಿಲ್ಲ. ಊರಿನ ಬಾಯಲ್ಲಿ ಸಂಗ್ಯಾ ಬಾಳ್ಯಾರ ಕಥೆ ತನ್ನಷ್ಟಕ್ಕೆ ಬೆಳೆದು ಸಣ್ಣಾಟವಾಯಿತು, ರಾತ್ರಿಯಿಡೀ ಜನರನ್ನು ಕೂರಿಸಿತು. ಮುಂದೆ ಚಂದ್ರಶೇಖರ ಕಂಬಾರರ ಕಾಲಕ್ಕೆ ಆ ಆಟವೂ ಸಂಪಾದನೆಗೊಂಡು ಪುಸ್ತಕವಾಯಿತು. ಅಚ್ಚಿನ ಪಾಠ ಒಂದು ದಿನದ ರೂಪವನ್ನು ಹಿಡಿದಿಟ್ಟರೆ ಬಾಯಿಯ ಪಾಠ ದಿನಕ್ಕೊಂದು ರೂಪ ತಳೆದು ನಡೆಯಿತು. ಒಂದನ್ನು ಬಿಟ್ಟು ಇನ್ನೊಂದರಿಂದಲೇ ಹಾಡು ಪೂರ್ತಿ ತಿಳಿಯದು.

ಹೊರನಾಡಿನ ನಮ್ಮ ಮಕ್ಕಳಿಗೆ ಕನ್ನಡ ಮಾತು ಬರುತ್ತದೆ, ಅನೇಕರಿಗೆ ಅಕ್ಷರ ಬಾರದು. ಅಚ್ಚಿನ ಬಾಗಿಲು ಅಲ್ಲಿಗೆ ಮುಚ್ಚಿದಂತೆ. ಮೈಸೂರು ಅಸೋಸಿಯೇಶನ್ (1926), ಕರ್ನಾಟಕ ಸಂಘ (1933) ಮೊದಲಾದ ಸಂಸ್ಥೆಗಳು ನಾಟಕ, ಉಪನ್ಯಾಸಗಳಿಂದ ಇಲ್ಲಿ ಕನ್ನಡದ ಕಿವಿಯನ್ನು ಎಚ್ಚರವಾಗಿರಿಸಿವೆ. ಬಾಯಿಯ ಬಾಗಿಲು ಇನ್ನೂ ಹತ್ತಿರದಲ್ಲಿದೆ. ಹಲಗಲಿ ಇರುವ ಬಾಗಲಕೋಟೆ, ನೆರೆಯ ವಿಜಯಪುರ, ಕಲಬುರಗಿಗಳಿಂದ ಬಂದ ಕಟ್ಟಡ ಕಾರ್ಮಿಕರು ಬೆಳಗ್ಗೆ ಬುತ್ತಿ ಹಿಡಿದು ಉಪನಗರಗಳ ನಾಕಾಗಳಲ್ಲಿ ಕೆಲಸಕ್ಕೆ ಕಾಯುತ್ತ ನಿಲ್ಲುತ್ತಾರೆ. ಅವರಲ್ಲಿ ಹಿರಿಯರೊಬ್ಬರನ್ನು ಲಾವಣಿ ಬರುತ್ತದೆಯೇ ಎಂದು ಕೇಳಲು ಮುದ್ರಣಾಲಯವೂ ಬೇಡ, ಅಧಿಕಾರಿಯೂ ಬೇಡ; ಧ್ವನಿಮುದ್ರಿಸುವ ಮೊಬೈಲು ಎಲ್ಲರ ಕಿಸೆಯಲ್ಲಿಯೂ ಇದೆ.