ಗೆದ್ದ ಕುದುರೆಯ ಹಿಂದಿನ ಲೆಕ್ಕ

ಬೆಂಗಳೂರು, ಮೈಸೂರುಗಳಲ್ಲಿ ರೇಸ್ ಎಂದರೆ ಜಾಕಿಯನ್ನು ಬೆನ್ನ ಮೇಲೆ ಹೊತ್ತ ಕುದುರೆಗಳ ನಾಗಾಲೋಟ. ಅಮೆರಿಕದಲ್ಲಿ ಇದರ ಜೊತೆಗೆ ಇನ್ನೊಂದು ಬಗೆಯ ಪಂದ್ಯವೂ ಬೆಳೆದುಬಂದಿದೆ. ಅದರ ಹೆಸರು ಹಾರ್ನೆಸ್ ರೇಸಿಂಗ್. ಜಟಕಾದಲ್ಲಿ ಮೂಕಿ, ಎರಡು ಚಕ್ರ, ಒಂದು ಆಸನ ಬಿಟ್ಟು ಉಳಿದದ್ದನ್ನೆಲ್ಲ ಕಿತ್ತು ಹಾಕಿದರೆ ಏನುಳಿಯುತ್ತದೋ ಅದೇ ಇಲ್ಲಿನ 'ಸಲ್ಕಿ'. ಅದರಲ್ಲಿ ಕುಳಿತವನು ಚಾಲಕ. ಕುದುರೆ ನಾಗಾಲೋಟಕ್ಕೆ ಇಳಿಯುವಂತಿಲ್ಲ. ಮುಂದಿನ ಎಡಗಾಲಿನ ಜೊತೆ ಹಿಂದಿನ ಬಲಗಾಲನ್ನು ಎತ್ತಿಡುವ 'ಟ್ರಾಟ್', ಇಲ್ಲವೇ ಒಂದೇ ಪಕ್ಕದ ಎರಡೂ ಕಾಲುಗಳನ್ನು ಒಟ್ಟಿಗೆ ಹಾಕುವ 'ಪೇಸ್' ನಡಿಗೆಯಲ್ಲೇ ಓಡಬೇಕು. ನಡಿಗೆ ತಪ್ಪಿದರೆ ಚಾಲಕ ಲಗಾಮು ಜಗ್ಗಿ ಸರಿಪಡಿಸಿಕೊಳ್ಳಬೇಕು. ಅಷ್ಟರಲ್ಲಿ ಪಂದ್ಯ ಬಹುಮಟ್ಟಿಗೆ ಕೈಬಿಟ್ಟಿರುತ್ತದೆ.

ಈ ಕ್ರೀಡೆಗೆ ಮೊದಲಿನಿಂದಲೂ ಅಂಕಿಅಂಶಗಳ ಹುಚ್ಚು. 1845ರಲ್ಲಿ ನ್ಯೂಜೆರ್ಸಿಯ ಹೊಬೊಕೆನ್‌ನಲ್ಲಿ ಲೇಡಿ ಸಫೋಕ್ ಎಂಬ ಬೂದುಬಣ್ಣದ ಹೆಣ್ಣುಕುದುರೆ ಒಂದು ಮೈಲಿಯನ್ನು ಎರಡೂವರೆ ನಿಮಿಷದ ಒಳಗೆ ಕ್ರಮಿಸಿತು. ಆಗ ಪವಾಡವಾಗಿ ಕಂಡ ಈ ವೇಗವೇ 1879ರಲ್ಲಿ ತಳಿಸಾಕಣೆದಾರರ ಸಂಘದ ಅಳತೆಗೋಲಾಯಿತು. ಮೈಲಿಗೆ ಎರಡೂವರೆ ನಿಮಿಷದ 'ಸ್ಟ್ಯಾಂಡರ್ಡ್' ಮುಟ್ಟಿದ ಕುದುರೆಗೆ ಮಾನ್ಯತೆ. 'ಸ್ಟ್ಯಾಂಡರ್ಡ್‌ಬ್ರೆಡ್' ಎಂಬ ತಳಿಯ ಹೆಸರು ಬಂದದ್ದು ಹೀಗೆ. ವಂಶಾವಳಿಗಿಂತ ಗಡಿಯಾರವನ್ನು ಮೊದಲು ಕೇಳಿದ ಈ ಏರ್ಪಾಡು ಕುದುರೆಗಳ ಲೋಕದಲ್ಲಿ ಅಪರೂಪವೇ ಸರಿ. ಆದರೂ ವಂಶ ಹಿಂಬಾಗಿಲಿನಿಂದ ಬಂದೇ ಬಂದಿತು. ಇಂದಿನ ಅಮೆರಿಕನ್ ಸ್ಟ್ಯಾಂಡರ್ಡ್‌ಬ್ರೆಡ್‌ಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ 1849ರಲ್ಲಿ ಹುಟ್ಟಿದ ಹ್ಯಾಂಬಲ್ಟೋನಿಯನ್ ಎಂಬ ಒಂದೇ ಗಂಡುಕುದುರೆಯ ಸಂತಾನ. ವಿಲಿಯಂ ರೈಸ್‌ಡೈಕ್ ಎಂಬ ಕೂಲಿಯಾಳು ತಾಯಿ-ಮರಿ ಎರಡನ್ನೂ ಸೇರಿಸಿ 125 ಡಾಲರಿಗೆ ಕೊಂಡಿದ್ದ.

ದಾಖಲೆಯಿಡುವ ಕೆಲಸಕ್ಕೆ ಗಟ್ಟಿಯಾಗಿ ಕೈಹಚ್ಚಿದವನು ಜಾನ್ ವ್ಯಾಲೇಸ್. 1871ರಲ್ಲಿ ವಂಶಾವಳಿಯ ಪುಸ್ತಕ, 1880ರ ದಶಕದಿಂದ ಪಂದ್ಯಗಳ ಫಲಿತಾಂಶದ ವಾರ್ಷಿಕ ಸಂಪುಟಗಳು ಅವನಿಂದ ಹೊರಬಂದವು. ವೇಗದ ಕುದುರೆಗೆ ಬೇರೆ ಹೆಸರಿಟ್ಟು ಸಾಧಾರಣ ಪಂದ್ಯದಲ್ಲಿ ಓಡಿಸಿ ಬಾಜಿ ಹೊಡೆಯುವುದು ಆಗಿನ ಮಾಮೂಲಿ ಮೋಸ. ದಾಖಲೆಪುಸ್ತಕ ಇಲ್ಲದಿದ್ದರೆ ಅದನ್ನು ಹಿಡಿಯುವುದಾದರೂ ಹೇಗೆ? 1930ರ ದಶಕದ ಕೊನೆಯಲ್ಲಿ ಹುಟ್ಟಿದ ಯುನೈಟೆಡ್ ಸ್ಟೇಟ್ಸ್ ಟ್ರಾಟಿಂಗ್ ಅಸೋಸಿಯೇಷನ್ ಈ ದಾಖಲೆಗಳನ್ನೆಲ್ಲ ಒಂದೇ ಸೂರಿನಡಿ ತಂದಿತು. ಕುದುರೆಯ ಗುರುತಿಗೆ ತುಟಿಯ ಹಚ್ಚೆ ಬಂತು, ಆಮೇಲೆ ಕತ್ತಿನ ಮೇಲಿನ ಮುದ್ರೆ, ಈಗ ಮೈಕ್ರೋಚಿಪ್.

ತರಬೇತುದಾರನ ಲೆಕ್ಕಕ್ಕೆ ಮಹತ್ವ ಬಂದದ್ದು ತಡವಾಗಿ. ಹಿಂದೆ ಕುದುರೆಯನ್ನು ಪಳಗಿಸಿದವನೇ ಸಲ್ಕಿಯಲ್ಲೂ ಕೂರುತ್ತಿದ್ದುದರಿಂದ ಬೇರೆ ಲೆಕ್ಕದ ಅಗತ್ಯ ಅಷ್ಟಾಗಿ ಕಾಣಲಿಲ್ಲ. ಸ್ಟ್ಯಾನ್ಲಿ ಡ್ಯಾನ್ಸರ್, ಬಿಲ್ಲಿ ಹಾಟನ್‌ರಂಥವರು ಎರಡೂ ಕೆಲಸದಲ್ಲಿ ಪಳಗಿದವರು. 1940ರಲ್ಲಿ ನ್ಯೂಯಾರ್ಕ್ ಬಳಿಯ ರೂಸ್‌ವೆಲ್ಟ್ ರೇಸ್‌ವೇಯಲ್ಲಿ ದೀಪದ ಬೆಳಕಿನ ರಾತ್ರಿ ಪಂದ್ಯಗಳು ಆರಂಭವಾದವು. ಪಂದ್ಯಗಳು ಹೆಚ್ಚಿದಂತೆ, ಒಂದೇ ರಾತ್ರಿ ಹಲವರ ಕುದುರೆಗಳನ್ನು ಓಡಿಸುವ ವೃತ್ತಿಪರ ಚಾಲಕರು ಬೆಳೆದರು. ಆಗ ಗೆಲುವಿನಲ್ಲಿ ಲಾಯದವನ ಪಾಲೆಷ್ಟು ಎಂಬ ಪ್ರಶ್ನೆ ಎದ್ದಿತು.

ಅದಕ್ಕೆ ಬಳಕೆಯಲ್ಲಿರುವ ಸೂತ್ರ ಸರಳ. ಮೊದಲ ಸ್ಥಾನಕ್ಕೆ 9, ಎರಡನೆಯದಕ್ಕೆ 5, ಮೂರನೆಯದಕ್ಕೆ 3 ಅಂಕ. ಒಟ್ಟನ್ನು ಓಟಗಳ ಸಂಖ್ಯೆಯ ಒಂಬತ್ತರಷ್ಟರಿಂದ ಭಾಗಿಸಬೇಕು. ನೂರು ಓಟಗಳಲ್ಲಿ 20 ಗೆಲುವು, 15 ಎರಡನೇ ಸ್ಥಾನ, 12 ಮೂರನೇ ಸ್ಥಾನ ಪಡೆದವನಿಗೆ .323 ಬರುತ್ತದೆ. 22 ಸಲ ಗೆದ್ದರೂ ಎರಡನೇ ಸ್ಥಾನ 6, ಮೂರನೆಯದು 4 ಮಾತ್ರ ಇದ್ದವನಿಗೆ .267. ಹೆಚ್ಚು ಗೆದ್ದವನೇ ಕೆಳಗೆ! ಹಿಂದೆ ದಪ್ಪ ಸಂಪುಟಗಳನ್ನು ತಿರುವಿ ಹಾಕಿ ಕೂಡಬೇಕಿದ್ದ ಈ ಲೆಕ್ಕ ಈಗ ಸಂಘದ ಕಂಪ್ಯೂಟರ್ ಭಂಡಾರದಲ್ಲಿ ಹೆಸರು ಒತ್ತಿದ ಕ್ಷಣದಲ್ಲೇ ತೆರೆಯ ಮೇಲೆ ಮೂಡುತ್ತದೆ. ಓಟಗಳೆಷ್ಟು, ಗೆಲುವೆಷ್ಟು, ಗಳಿಸಿದ ಬಹುಮಾನವೆಷ್ಟು, ಎಲ್ಲವೂ ಒಂದೇ ಸಾಲಿನಲ್ಲಿ.

ಬಾಜಿ ಕಟ್ಟುವವನು ಎಡವುವುದೂ ಇಲ್ಲೇ. ಮೂರೇ ಓಟದಲ್ಲಿ ಎರಡು ಗೆದ್ದವನಿಗೆ .667 ಬರುತ್ತದೆ, ಒಂದೇ ಇನ್ನಿಂಗ್ಸ್ ಆಡಿ ನೂರು ಹೊಡೆದವನ ಬ್ಯಾಟಿಂಗ್ ಸರಾಸರಿಯಂತೆ. ಹಳ್ಳಿ ಜಾತ್ರೆಯ ಗೆಲುವಿಗೂ 1926ರಿಂದ ನಡೆದುಬಂದಿರುವ ಪ್ರತಿಷ್ಠಿತ ಹ್ಯಾಂಬಲ್ಟೋನಿಯನ್ ಪಂದ್ಯದ ಗೆಲುವಿಗೂ ಈ ಸೂತ್ರದಲ್ಲಿ ಅದೇ 9 ಅಂಕ.

ಇದಕ್ಕಿಂತ ಗಂಭೀರವಾದ ಸಂಗತಿ ಇನ್ನೊಂದು. 2020ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಫೆಡರಲ್ ಅಭಿಯೋಜಕರು ಕುದುರೆಗಳಿಗೆ ನಿಷಿದ್ಧ ಮದ್ದು ಕೊಟ್ಟ ಆರೋಪವನ್ನು ಇಪ್ಪತ್ತಕ್ಕೂ ಹೆಚ್ಚು ಮಂದಿಯ ಮೇಲೆ ಹೊರಿಸಿದರು. ಅವರಲ್ಲಿ ಎರಡೂ ಬಗೆಯ ರೇಸಿನ ತರಬೇತುದಾರರಿದ್ದರು, ಪಶುವೈದ್ಯರೂ ಇದ್ದರು. ಹಲವರು ತಪ್ಪೊಪ್ಪಿಕೊಂಡು ಜೈಲು ಸೇರಿದರು. ಇನ್ನೂ ಒಂದು ಹಳೆಯ ಉಪಾಯವಿದೆ: ಅಮಾನತಾದ ತರಬೇತುದಾರ ತನ್ನ ಕುದುರೆಗಳನ್ನು ಸಹಾಯಕನ ಹೆಸರಿನಲ್ಲಿ ಓಡಿಸುವುದು. ಅಲ್ಲಿನವರು ಇಂಥ ಬೇನಾಮಿಯನ್ನು 'ಗಡ್ಡ' ಎನ್ನುತ್ತಾರೆ. ಆ ಅವಧಿಯ ಗೆಲುವುಗಳೆಲ್ಲ ಭಂಡಾರದಲ್ಲಿ ಗಡ್ಡದ ಹೆಸರಿಗೇ ಜಮೆಯಾಗುತ್ತವೆ. ಹೆಸರು ಕೇಳಿರದ ಒಬ್ಬ ಹುಡುಗ ಏಕಾಏಕಿ .400 ಮುಟ್ಟಿದರೆ, ಅನುಭವಿಗಳು ಮೊದಲು ನೋಡುವುದು ಆ ಕುದುರೆಗಳು ಹೋದ ತಿಂಗಳು ಯಾರ ಲಾಯದಲ್ಲಿದ್ದವು ಎಂಬುದನ್ನು.