ವಾಹನದ ಹವಾನಿಯಂತ್ರಣ ವ್ಯವಸ್ಥೆಯ ದುರಸ್ತಿ

ವಾಹನದ ಹವಾನಿಯಂತ್ರಣ ವ್ಯವಸ್ಥೆಯ ದುರಸ್ತಿ ಎಂದರೆ ಕಾರು, ವ್ಯಾನು, ಲಾರಿ ಮೊದಲಾದ ವಾಹನಗಳ ಒಳಭಾಗವನ್ನು ತಂಪುಗೊಳಿಸುವ ಎ.ಸಿ. ವ್ಯವಸ್ಥೆಯ ದೋಷವನ್ನು ಪತ್ತೆಹಚ್ಚಿ ಸರಿಪಡಿಸುವ ಕಾರ್ಯ. ಇದರಲ್ಲಿ ಶುಚಿತ್ವ ಮತ್ತು ಪ್ರಾಥಮಿಕ ಪರೀಕ್ಷೆಯನ್ನು ಮಾಲೀಕರೇ ಮಾಡಿಕೊಳ್ಳಬಹುದು. ಶೀತಕ ಅನಿಲವಿರುವ ಭಾಗಗಳನ್ನು ಬಿಚ್ಚಲು ತರಬೇತಿ ಮತ್ತು ವಿಶೇಷ ಉಪಕರಣಗಳು ಅಗತ್ಯ.

ಕಾರ್ಯವಿಧಾನ

ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಕಂಪ್ರೆಸರ್ ಶೀತಕ ಅನಿಲವನ್ನು ಒತ್ತುತ್ತದೆ. ರೇಡಿಯೇಟರಿನ ಮುಂದಿರುವ ಕಂಡೆನ್ಸರಿನಲ್ಲಿ ಅದು ಶಾಖವನ್ನು ಹೊರಬಿಟ್ಟು ದ್ರವವಾಗುತ್ತದೆ. ಬಳಿಕ ಎಕ್ಸ್‌ಪಾನ್ಶನ್ ವಾಲ್ವಿನ ಮೂಲಕ ಹಾದು, ಡ್ಯಾಶ್‌ಬೋರ್ಡಿನ ಹಿಂದಿನ ಎವಾಪರೇಟರಿನಲ್ಲಿ ಆವಿಯಾಗಿ ಒಳಗಿನ ಗಾಳಿಯ ಶಾಖವನ್ನು ಹೀರಿಕೊಳ್ಳುತ್ತದೆ. ಅನಿಲವು ಇಂಧನದಂತೆ ಉರಿದು ಮುಗಿಯುವುದಿಲ್ಲ. ಅದು ಬೇಗನೆ ಕಡಿಮೆಯಾದರೆ ಸೋರಿಕೆ ಇದೆಯೆಂದೇ ಅರ್ಥ. ಸೋರಿಕೆಯನ್ನು ಮುಚ್ಚದೆ ಅನಿಲ ತುಂಬಿಸಿದರೆ ಹಣವೂ ಅನಿಲವೂ ವ್ಯರ್ಥ.

ಸ್ವತಃ ಮಾಡಬಹುದಾದ ಕೆಲಸಗಳು

* ಗಾಳಿಯ ರಭಸ ಕಡಿಮೆಯಿದ್ದರೆ ಕ್ಯಾಬಿನ್ ಫಿಲ್ಟರನ್ನು ಶುಚಿಗೊಳಿಸುವುದು ಅಥವಾ ಬದಲಿಸುವುದು.
* ಎಂಜಿನ್ ಆರಿದ ಮೇಲೆ ಕಂಡೆನ್ಸರಿನ ಧೂಳು, ಹೊಟ್ಟು, ಕೀಟಗಳನ್ನು ಸೌಮ್ಯ ನೀರಿನ ಧಾರೆಯಿಂದ ತೊಳೆಯುವುದು.
* ಫ್ಯೂಸ್, ರಿಲೇ, ಬೆಲ್ಟಿನ ಬಿಗಿತ ಮತ್ತು ಕಂಡೆನ್ಸರ್ ಫ್ಯಾನನ್ನು ಪರೀಕ್ಷಿಸುವುದು.
* ಕೊಳವೆಗಳ ಜೋಡಣೆಯಲ್ಲಿ ಎಣ್ಣೆಯ ಕಲೆ ಇದೆಯೇ ಎಂದು ನೋಡುವುದು. ಇದು ಸೋರಿಕೆಯ ಸಾಮಾನ್ಯ ಸೂಚನೆ. ವಾಹನದ ಕೆಳಗೆ ತೊಟ್ಟಿಕ್ಕುವ ಶುದ್ಧ ನೀರು ದೋಷವಲ್ಲ.

ಅಪಾಯಗಳು

ಪ್ರಚಲಿತ ಆರ್-134ಎ ಶೀತಕವು ವಾಯುಮಂಡಲದ ಒತ್ತಡದಲ್ಲಿ ಸುಮಾರು −26° ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಆದ್ದರಿಂದ ಚಿಮ್ಮಿದ ದ್ರವವು ಚರ್ಮ ಮತ್ತು ಕಣ್ಣುಗಳನ್ನು ಹೆಪ್ಪುಗಟ್ಟಿಸಬಲ್ಲದು. ವ್ಯವಸ್ಥೆಯನ್ನು ತೆರೆದರೆ ನಿರ್ವಾತ ಪಂಪಿನಿಂದ ಗಾಳಿ ಮತ್ತು ತೇವವನ್ನು ತೆಗೆದು, ತಯಾರಕರು ಸೂಚಿಸಿದ ತೂಕದಷ್ಟೇ ಅನಿಲ ತುಂಬಬೇಕು. ಅಡುಗೆ ಅನಿಲವನ್ನು ಬದಲಿಯಾಗಿ ತುಂಬುವುದರಿಂದ ಬೆಂಕಿಯ ಅಪಾಯವಿದೆ.

ಪರಿಸರ

ಹಿಂದೆ ಬಳಕೆಯಲ್ಲಿದ್ದ ಆರ್-12 ಓಝೋನ್ ಪದರಕ್ಕೆ ಹಾನಿಕರವಾದುದರಿಂದ 1987ರ ಮಾಂಟ್ರಿಯಲ್ ಒಪ್ಪಂದದಡಿ ಕೈಬಿಡಲ್ಪಟ್ಟಿತು. ಆರ್-134ಎ ಓಝೋನಿಗೆ ಹಾನಿ ಮಾಡದಿದ್ದರೂ, ನೂರು ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ತಾಪಕಾರಿ. ಇಂತಹ ಅನಿಲಗಳನ್ನು ತಗ್ಗಿಸುವ 2016ರ ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಅನುಮೋದಿಸಿತು. ಹೀಗಾಗಿ ಹಳೆಯ ಅನಿಲವನ್ನು ಗಾಳಿಗೆ ಬಿಡದೆ ಯಂತ್ರದ ಮೂಲಕ ಮರಳಿ ಸಂಗ್ರಹಿಸುವುದು ಸರಿಯಾದ ಕ್ರಮ.

ಪ್ರಾದೇಶಿಕ ಅಂಶಗಳು

ಹಾಸನ ತಾಲ್ಲೂಕಿನ ಸಾಲಗಾಮೆಯಂತಹ ತಂಪು ಹವೆಯ ಊರುಗಳಲ್ಲಿ ಎ.ಸಿ.ಯನ್ನು ತಿಂಗಳುಗಟ್ಟಲೆ ಬಳಸದಿರುವ ಸಂಭವವಿದೆ. ಆಗ ಎಣ್ಣೆಯ ಸಂಚಾರವಿಲ್ಲದೆ ಕಂಪ್ರೆಸರಿನ ಸೀಲುಗಳು ಒಣಗಿ ಸೋರಿಕೆ ಆರಂಭವಾಗಬಹುದು. ಚಳಿಗಾಲದಲ್ಲೂ ಆಗಾಗ್ಗೆ ಹತ್ತು ನಿಮಿಷ ಚಾಲನೆ ಮಾಡುವುದು ಇದಕ್ಕೆ ಪರಿಹಾರ. ರಾಗಿ, ಹುರುಳಿಯನ್ನು ರಸ್ತೆಯಲ್ಲೇ ಒಕ್ಕುವ ಕಡೆ ಹೊಟ್ಟು ಕಂಡೆನ್ಸರಿಗೆ ಅಂಟಿಕೊಳ್ಳುತ್ತದೆ. ಮಳೆಗಾಲದಲ್ಲಿ ಶಿರಾಡಿ ಘಾಟಿಯಂತಹ ದಾರಿಗಳಲ್ಲಿ ಎ.ಸಿ. ಗಾಳಿಯ ತೇವವನ್ನು ತೆಗೆದು, ಮುಂಗಾಜಿನ ಒಳಬದಿಯ ಮಬ್ಬನ್ನು ಬೇಗ ನಿವಾರಿಸುತ್ತದೆ. ಆದ್ದರಿಂದ ಅದರ ದುರಸ್ತಿ ಸುರಕ್ಷತೆಯ ವಿಷಯವೂ ಹೌದು.